ಯಂತ್ರದ ಹಣೆ ಎಲ್ಲಿದೆ?

ನನ್ನ ಅಪ್ಪನನ್ನು ಯಾರು ಯಾವಾಗ ‘ಹೇಗಿದ್ದೀರಿ’ ಎಂದು ಕೇಳಿದರೂ ಬರುವ ಉತ್ತರ ಒಂದೇ: ‘ಬಾಗುನ್ನಾನಮ್ಮಾ.’ ಚೆನ್ನಾಗಿದ್ದೀನಮ್ಮಾ ಎಂದು ಅರ್ಥ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಜಗಳಕ್ಕೆ ಕನ್ನಡ, ರಾಜಿಗೆ ತೆಲುಗು ಎಂದು ಅಮ್ಮ ಬದುಕಿದ್ದಾಗ ತಮಾಷೆ ಮಾಡುತ್ತಿದ್ದಳು. ಅಪ್ಪ ಜೀವಮಾನವೆಲ್ಲ ಪೌರೋಹಿತ್ಯ ಮಾಡಿದವರು. ಮೈ ಸುಡುವ ಜ್ವರದಲ್ಲೂ ಹೋಮಕುಂಡದ ಮುಂದೆ ಕೂತು ಅದೇ ಮಾತು ಹೇಳಿದವರು. ಹೀಗಾಗಿ ಅವರ ಬಲಗಾಲಿನ ಅಡಿಯಲ್ಲಿ ಮುಳ್ಳು ಹೊಕ್ಕು, ಅದು ಕೀವಾಗಿ, ಮನೆಗೆಲ್ಲ ವಾಸನೆ ಹರಡುವವರೆಗೆ ನಮಗ್ಯಾರಿಗೂ ಗೊತ್ತಾಗಲಿಲ್ಲ. ಅಣ್ಣ ಅವರನ್ನು ಕೋಲಾರದ ಆಸ್ಪತ್ರೆಗೆ ಕರೆತಂದು ನನಗೆ ಫೋನು ಮಾಡಿದ.

ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಸಕ್ಕರೆ ಕಾಯಿಲೆ ಹಳೆಯದು, ಬಲಗಾಲಿನ ಒಂದು ಬೆರಳು ಹೋಗುತ್ತದೆ, ಪಾದವನ್ನು ಉಳಿಸಬಹುದು. ಆದರೆ ಎಡಗಾಲಿಗೆ ಏನೂ ಆಗಬಾರದು, ಇನ್ನು ಮುಂದೆ ಅವರು ನಿಲ್ಲಬೇಕಾದದ್ದು ಅದರ ಬಲದ ಮೇಲೆ ಎಂದರು. ಅಪ್ಪನಿಗೆ ಬೇಕಾಗಿದ್ದದ್ದು ಒಂದೇ. ತಮ್ಮ ಕಾಲ ಮೇಲೆ ತಾವು ನಿಂತು, ದೇವರ ಸುತ್ತ ಪ್ರದಕ್ಷಿಣೆ ಬರಬೇಕು. ವೀಲ್‌ಚೇರಿನಲ್ಲಿ ಕೂತು ಮಂಗಳಾರತಿ ಮಾಡುವ ಪುರೋಹಿತನನ್ನು ನೋಡಿದ್ದೀಯೇನೇ ಎಂದು ನನ್ನನ್ನೇ ಕೇಳಿದರು. ನಾನು ಸಿಡುಕಿಯೇ ಉತ್ತರ ಕೊಟ್ಟೆ. ನನಗೆ ಹೆದರಿಕೆಯಾದಾಗ ಬರುವುದು ಅಳುವಲ್ಲ, ಸಿಡುಕು.

ಇದೇ ಆಸ್ಪತ್ರೆಯ ಒಂದು ಕಿಟಕಿಯಲ್ಲಿ ನನ್ನ ಲೇಸರ್ ಆಗಲೇ ಕೂತಿತ್ತು ಎಂಬುದನ್ನು ಇಲ್ಲಿ ಹೇಳಬೇಕು.

ನಾನು ಕೋಲಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಮಾಲೂರಿನಲ್ಲಿ. ಪಾಠದ ಜೊತೆಗೆ ಹಲವು ವರ್ಷಗಳಿಂದ ಹಚ್ಚಿಕೊಂಡಿರುವ ಹುಚ್ಚೊಂದಿದೆ. ಸಾಸಿವೆಗಿಂತ ಚಿಕ್ಕ ಲೇಸರ್ ಒಂದರ ಎದುರು ಕನ್ನಡಿ ಇಟ್ಟು, ಅದರ ಬೆಳಕಿನಲ್ಲಿ ಸ್ವಲ್ಪವನ್ನು ಅದಕ್ಕೇ ಹಿಂತಿರುಗಿಸಿದರೆ ಅದು ಕೆರಳುತ್ತದೆ. ಬೆಳಕು ಏರುತ್ತದೆ, ಇಳಿಯುತ್ತದೆ, ಲಯವೂ ಇಲ್ಲ ತಾಳವೂ ಇಲ್ಲ. ಇದಕ್ಕೆ ನಮ್ಮ ವಿಷಯದಲ್ಲಿ ಕೇಯಾಸ್ ಎನ್ನುತ್ತೇವೆ. ಮಜಾ ಇರುವುದು ಮುಂದೆ. ಮೊದಲನೆಯದರ ಅವಳಿಯಂತಿರುವ ಇನ್ನೊಂದು ಲೇಸರ್‌ಗೆ ಈ ಕೆರಳಿದ ಬೆಳಕನ್ನು ಉಣಿಸಿದರೆ, ಅದೂ ಹುಬೇಹೂಬು ಹಾಗೆಯೇ ಕುಣಿಯತೊಡಗುತ್ತದೆ. ಆಗ ಮೊದಲನೆಯದರ ಕುಣಿತದೊಳಗೆ ಒಂದು ಸಣ್ಣ ಸಂದೇಶವನ್ನು ಅಡಗಿಸಿ ಕಳಿಸಬಹುದು. ನಡುವೆ ಯಾರು ಕದ್ದು ನೋಡಿದರೂ ಕಾಣುವುದು ಬರೀ ಗದ್ದಲ. ಅವಳಿ ಮಾತ್ರ ಗದ್ದಲವನ್ನು ಕಳೆದು ಸಂದೇಶವನ್ನು ಉಳಿಸಿಕೊಳ್ಳುತ್ತದೆ.

ಇದನ್ನು ಎಷ್ಟೋ ಸಮ್ಮೇಳನಗಳಲ್ಲಿ ಚಿತ್ರ ಬರೆದು ವಿವರಿಸಿದ್ದೇನೆ, ಎದುರಿನವರು ಆಕಳಿಸಿದ್ದಾರೆ. ಅಪ್ಪ ಮಾತ್ರ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಥಟ್ಟನೆ ಹಿಡಿದುಬಿಟ್ಟರು.

“ಓ, ನಾನೂ ನಿಮ್ಮ ಚಿಕ್ಕಪ್ಪಾನೂ ವೇದದ ಘನಪಾಠ ಹೇಳ್ತಿದ್ವಲ್ಲ, ಹಂಗೆ. ಪದಗಳನ್ನ ಹಿಂದಕ್ಕೆ ಮುಂದಕ್ಕೆ ಮಾಡಿ ಇಬ್ರೂ ಒಟ್ಟಿಗೆ ಹೇಳ್ತಿದ್ರೆ ಕೂತೋರಿಗೆ ಬರೀ ಸದ್ದು. ನಡುವೆ ಅವನು ಒಂದು ಪದ ಜಾಸ್ತಿ ಸೇರಿಸಿದ್ರೆ ನಂಗೊಬ್ಬನಿಗೇ ಗೊತ್ತಾಗೋದು. ಒಂದ್ಸಲ ‘ಕಾಫಿ’ ಅಂತ ಸೇರಿಸ್ಬಿಟ್ಟಿದ್ದ ಕಣೇ, ಮದುವೆ ಮನೇಲಿ. ನಾನು ಎದ್ದು ಹೋಗಿ ಕಾಫಿ ತರ್ಸಿದೆ.”

ನಾನು ಬಿದ್ದು ಬಿದ್ದು ನಕ್ಕೆ. ಆ ಉದಾಹರಣೆಯನ್ನು ಈಗ ತರಗತಿಯಲ್ಲಿ ನನ್ನದೇ ಎನ್ನುವಂತೆ ಬಳಸುತ್ತೇನೆ.

ಆಸ್ಪತ್ರೆಗೆ ಈ ಬೆಳಕು ಬಂದದ್ದು ಡಾಕ್ಟರರಿಂದ. ಪಿಯುಸಿಯಲ್ಲಿ ನನ್ನ ಹತ್ತಿರ ಪಾಠ ಹೇಳಿಸಿಕೊಂಡವನು. ಮಸೂರದ ಚಿತ್ರ ಬರೆಯೆಂದರೆ ದೋಸೆ ಬರೆಯುತ್ತಿದ್ದವನು. ಈಗ ದೊಡ್ಡ ಡಾಕ್ಟರು, ಆದರೂ ನನ್ನನ್ನು ‘ಮಿಸ್’ ಎಂದೇ ಕರೆಯುತ್ತಾರೆ. ಅವರ ವಾರ್ಡು ಹೊಸ ಕಟ್ಟಡದಲ್ಲಿ, ಕೋಣೆ ಹಳೆಯದರಲ್ಲಿ, ನಡುವೆ ಅಂಗಳ. ರೋಗಿಯ ನಾಡಿಯ ಲೆಕ್ಕ ಅಂಗಳ ದಾಟಿ, ಕಂಡವರ ಕಣ್ಣಿಗೆ ಬೀಳದೆ ತಮ್ಮ ಮೇಜಿಗೆ ಬರಬೇಕೆಂದು ಅವರಿಗೆ ಆಸೆ. ನನಗೆ ಲ್ಯಾಬಿನ ಮೇಜು ಬಿಟ್ಟು ಹೊರಗೆ ಪ್ರಯೋಗ ಮಾಡುವ ಆಸೆ. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಎನ್ನುವಂತೆ ನಮ್ಮಿಬ್ಬರ ಹುಚ್ಚಿಗೂ ನಂಟು ಬೆಳೆಯಿತು. ಆಸ್ಪತ್ರೆಯ ಸಮಿತಿ ಒಪ್ಪಿಗೆ ಕೊಟ್ಟಿತು, ಒಂದು ಷರತ್ತಿನೊಂದಿಗೆ: ಹಾಸಿಗೆಯ ಪಕ್ಕದ ಮಾಮೂಲಿ ಮಾನಿಟರ್ ಇದ್ದೇ ಇರಬೇಕು, ಬೆಳಕಿನ ಲೆಕ್ಕ ನೋಡಿ ಯಾರೂ ಔಷಧಿ ಕೊಡಬಾರದು. ಒಪ್ಪಿದ ಒಬ್ಬ ರೋಗಿಯ ನಾಡಿಯನ್ನು ಮಾತ್ರ ಕಳಿಸಬೇಕು. ಅಪ್ಪ ಬಂದು ಮಲಗಿದ ಮೇಲೆ ಆ ರೋಗಿ ಅವರೇ ಆದರು. “ನನ್ನ ನಾಡಿ ಬೆಳಕಲ್ಲಿ ಹೋಗತ್ತೆ ಅಂದ್ರೆ ಬೇಡ ಅಂತೀನಾ?” ಎಂದು ಹಿಗ್ಗಿದರು.

ವಾರ್ಡಿನ ಕಿಟಕಿಯಲ್ಲಿ ಕಳಿಸುವ ಪೆಟ್ಟಿಗೆ, ಡಾಕ್ಟರ ಕೋಣೆಯ ಕಿಟಕಿಯಲ್ಲಿ ಹಿಡಿಯುವ ಪೆಟ್ಟಿಗೆ. ನಡುವಿನ ಬೆಳಕು ಕಣ್ಣಿಗೆ ಕಾಣುವ ಬಗೆಯದಲ್ಲ, ಕಣ್ಣಿಗೆ ಕೆಡುಕು ಮಾಡುವಷ್ಟು ಜೋರಾಗಿಯೂ ಇಲ್ಲ. ಎಲ್ಲ ಸುಸೂತ್ರವಾಗಿತ್ತು, ಅಂಗಳದ ಕಾಗೆಗಳ ಹೊರತು. ಕಾಗೆಯೊಂದು ಅಡ್ಡ ಹಾರಿದರೆ ಅರೆಗಳಿಗೆ ಬೆಳಕು ಕಡಿದು, ಡಾಕ್ಟರ ಕೋಣೆಯಲ್ಲಿ ಅಲಾರಂ ಕೂಗುತ್ತಿತ್ತು. ಹೊಂಗೆಮರದ ಕೊಂಬೆ ಅಲುಗಿದರೂ ಕೂಗು. ಡ್ಯೂಟಿಯಲ್ಲಿದ್ದವರು ಮೊದಲು ಓಡಿದರು, ಆಮೇಲೆ ನಡೆದರು, ಆಮೇಲೆ ಕೂತಲ್ಲೇ ಕೂತರು. ಆಸ್ಪತ್ರೆಗಳಲ್ಲಿ ಅಲಾರಂ ಇಲ್ಲದಿರುವುದಕ್ಕಿಂತ ಅತಿಯಾಗಿ ಕೂಗುವುದೇ ದೊಡ್ಡ ಅಪಾಯ ಎಂದು ಡಾಕ್ಟರು ವಿವರಿಸಿದರು. ತೋಳ ಬಂತು ತೋಳ ಅಂದ ಹಾಗೆ. ಇಬ್ಬರೂ ಕೂತು ಯೋಚಿಸಿ ಒಂದು ಉಪಾಯ ಮಾಡಿದೆವು. ಬೆಳಕು ಕಡಿದರೆ ಅಲಾರಂ ಬೇಡ. ಕಡಿಯುವ ಮೊದಲು ಬಂದಿದ್ದ ಕೊನೆಯ ಸಂಖ್ಯೆಯನ್ನೇ ಪರದೆ ತೋರಿಸುತ್ತಿರಲಿ. ಕಾಗೆ ಹಾರಿಹೋದ ಮೇಲೆ ಹೊಸ ಸಂಖ್ಯೆ ಬಂದೇ ಬರುತ್ತದೆಯಲ್ಲ. ಕೂಗು ನಿಂತಿತು. ಎಲ್ಲರೂ ನನ್ನನ್ನು ಹೊಗಳಿದರು.

ಬೆರಳು ತೆಗೆದ ಗಾಯ ಒಣಗುತ್ತಿದ್ದಂತೆ ದಸರಾ ಬಂತು.

ನಮ್ಮ ಕಡೆ ಆಯುಧಪೂಜೆಯ ದಿನ ಬೊಟ್ಟು ಇಡಿಸಿಕೊಳ್ಳದ ವಸ್ತು ಇಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಅಚ್ಚಿಗೂ ಗುದ್ದಲಿಗೂ ಕುಂಕುಮ. ವಕ್ಕಲೇರಿಯ ಡೈರಿಯಲ್ಲಿ ಹಾಲಿನ ಕ್ಯಾನುಗಳಿಗೆಲ್ಲ ಸೇವಂತಿಗೆ. ಆ ಬೆಳಿಗ್ಗೆ ನಾನು ಬಂದ ಬಸ್ಸಿಗೇ ಬಾಳೆಕಂದು ಕಟ್ಟಿ, ಡ್ರೈವರಿಗೆ ದಾರಿ ಕಾಣದಷ್ಟು ಹೂವು ಹಾಕಿದ್ದರು. ಆಸ್ಪತ್ರೆಯಲ್ಲಿ ಆಂಬುಲೆನ್ಸಿನ ಚಕ್ರಕ್ಕೆ ನಿಂಬೆಹಣ್ಣು, ಬಾಗಿಲಲ್ಲಿ ಒಡೆಯಲು ಬೂದುಗುಂಬಳಕಾಯಿ. ವಾರ್ಡಿನ ಯಜಮಾನಿಕೆ ಒಬ್ಬ ಹಿರಿಯ ಸಿಸ್ಟರದ್ದು. ಶ್ರೀನಿವಾಸಪುರದ ಆಚೆ, ಗೌನಿಪಲ್ಲಿಯ ಮಾವಿನ ತೋಟದ ಮನೆಯವರು. ಅವರ ಆವಕಾಯಿ ಉಪ್ಪಿನಕಾಯಿಗೂ ಅವರ ಗದರಿಕೆಗೂ ಖಾರದಲ್ಲಿ ವ್ಯತ್ಯಾಸವಿರಲಿಲ್ಲ. ಅಪ್ಪನಿಗೂ ಅವರಿಗೂ ತೆಲುಗಿನಲ್ಲಿ ಗಂಟೆಗಟ್ಟಲೆ ಮಾತು. ಆಕೆ ಗಂಧ ಕುಂಕುಮದ ತಟ್ಟೆ ಹಿಡಿದು ಬಿಪಿ ಯಂತ್ರ, ಆಕ್ಸಿಜನ್ ಸಿಲಿಂಡರು, ಸ್ಟ್ರೆಚರು ಎಲ್ಲಕ್ಕೂ ಇಡುತ್ತ ಬಂದು ನನ್ನ ಪೆಟ್ಟಿಗೆಯ ಮುಂದೆ ನಿಂತರು.

“ಇದಕ್ಕೆ ಬೇಡ ಸಿಸ್ಟರ್,” ಎಂದೆ.

“ಒಂದು ಬೊಟ್ಟು ಮೇಡಂ. ಹೂವು ಹಾಕಲ್ಲ.”

“ಬೊಟ್ಟೂ ಬೇಡ. ಇದನ್ನ ಮುಟ್ಟಿದ್ರೆ ಒಂದು ಕೂದಲೆಳೆ ಅಲುಗಿದ್ರೂ ಬೆಳಕು ದಾರಿ ತಪ್ಪತ್ತೆ.”

ಅಪ್ಪ ಮಲಗಿದ್ದಲ್ಲಿಂದ ಬಾಯಿ ಹಾಕಿದರು. “ಅಲ್ಲ ಕಣೇ, ವರ್ಷಕ್ಕೊಂದು ದಿನ. ದುಡಿಯೋ ವಸ್ತುಗೆ ಒಂದು ಮರ್ಯಾದೆ ಬೇಡ್ವಾ?”

“ನೀವು ಸುಮ್ನೆ ಮಲಕ್ಕೊಳಿ ಅಪ್ಪ. ನಿಮ್ಮ ಶಾಸ್ತ್ರ ನಿಮ್ಮ ಹತ್ರ ಇರ್ಲಿ, ನನ್ನ ಶಾಸ್ತ್ರ ನನ್ನ ಹತ್ರ ಇರ್ಲಿ.”

ಇಬ್ಬರೂ ಸುಮ್ಮನಾದರು. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ನಾನು ಕಾಲೇಜಿನ ಪೂಜೆಗೆ ಹೋದೆ. ಅಲ್ಲಿ ಲ್ಯಾಬಿನ ಆಸಿಲೋಸ್ಕೋಪ್ ಯಂತ್ರಕ್ಕೆ ನಾನೇ ಕುಂಕುಮ ಹಚ್ಚಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅದು ಬೇರೆ ವಿಷಯ. ಅಲ್ಲಿಂದ ಕಡ್ಲೆಪುರಿ ಕಟ್ಟಿಸಿಕೊಂಡು ಮಾಲೂರಿಗೆ ಹೊರಟೆ.

ವಿಜಯದಶಮಿಯ ಬೆಳಿಗ್ಗೆ ಅಪ್ಪನಿಗೆಂದು ಪುಳಿಯೋಗರೆ ಮಾಡಿಕೊಂಡು ಬಂದೆ. ಹಳೆಯ ಕಟ್ಟಡ ಮೊದಲು ಸಿಗುತ್ತದೆ, ಹಾಗಾಗಿ ಡಾಕ್ಟರ ಕೋಣೆಗೆ ಇಣುಕಿದೆ.

“ಮಿಸ್, ನಿಮ್ಮ ಬೆಳಕು ಫಸ್ಟ್ ಕ್ಲಾಸ್,” ಎಂದರು. “ನಿನ್ನೆಯಿಂದ ತಾತನ ನಾಡಿ ಎಪ್ಪತ್ತೆರಡು. ಕದಲಿದ್ರೆ ಕೇಳಿ. ಹಬ್ಬ ಆದ್ಮೇಲೆ ಮಿಕ್ಕ ಹಾಸಿಗೆಗಳಿಗೂ ಹಾಕ್ಸೋಣ ಅಂತಿದೀನಿ.”

ನಾನು ಪೂರಿಯ ಹಾಗೆ ಉಬ್ಬಿದೆ. ಪರದೆಯ ಮೇಲೆ ಎಪ್ಪತ್ತೆರಡು ಹಸಿರಾಗಿ ಹೊಳೆಯುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತು ಅದನ್ನೇ ನೋಡುತ್ತಿದ್ದೆ, ಹೆತ್ತವಳು ಮಗುವನ್ನು ನೋಡುವಂತೆ. ಅಷ್ಟು ಹೊತ್ತು ನೋಡಿದರೂ ಅದು ಒಮ್ಮೆಯೂ ಬದಲಾಗಲಿಲ್ಲ. ಬದುಕಿರುವ ಮನುಷ್ಯನ ನಾಡಿ ಹೀಗೆ ಕೂರುವುದಿಲ್ಲ. ಕೆಮ್ಮಿದರೆ ಏರುತ್ತದೆ, ನಿದ್ದೆಗೆ ಇಳಿಯುತ್ತದೆ, ಸಿಸ್ಟರ್ ಬೈದರೆ ನೆಗೆಯುತ್ತದೆ. ಹಿಡಿಯುವ ಪೆಟ್ಟಿಗೆಯ ಒಳಗಿನ ಲೆಕ್ಕ ತೆರೆದು ನೋಡಿದೆ. ಅವಳಿಗಳ ತಾಳ ಹಿಂದಿನ ದಿನವೇ ತಪ್ಪಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಒಂದೊಂದು ಒಂದೊಂದು ಕಡೆ ಕುಣಿಯುತ್ತಿದ್ದವು. ಸಂದೇಶವಿಲ್ಲ, ಬರೀ ಗದ್ದಲ. ಎಪ್ಪತ್ತೆರಡು ನಿನ್ನೆಯದು. ಅಪ್ಪ ಇವತ್ತು ಹೇಗಿದ್ದಾರೆ ಎಂಬುದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಡಬ್ಬಿಯನ್ನು ಅಲ್ಲೇ ಬಿಟ್ಟು ಅಂಗಳ ದಾಟಿ ಓಡಿದೆ. ಈ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ ಓಡಿದ್ದನ್ನು ಕಂಡ ಆಟೋದವರು ಈಗಲೂ ನನ್ನನ್ನು ಗುರುತಿಸುತ್ತಾರೆ. ಡಾಕ್ಟರು ನನ್ನ ಹಿಂದೆ.

ಅಪ್ಪ ದಿಂಬಿಗೊರಗಿ ಕೂತು ಸಿಸ್ಟರ ಜೊತೆ ಹರಟುತ್ತಿದ್ದರು. ಹಾಸಿಗೆಯ ಪಕ್ಕದ ಮಾನಿಟರಿನಲ್ಲಿ ನಾಡಿ ಎಪ್ಪತ್ತೆರಡಕ್ಕಿಂತ ಬಹಳ ಮೇಲಿತ್ತು. ಬೆಳಗಿನಿಂದ ಸಣ್ಣ ಜ್ವರ ಇದೆ, ಮಾತ್ರೆ ಕೊಟ್ಟಾಗಿದೆ, ಡ್ಯೂಟಿ ಡಾಕ್ಟರಿಗೂ ಹೇಳಿಯಾಗಿದೆ ಎಂದು ಸಿಸ್ಟರ್ ವರದಿ ಒಪ್ಪಿಸಿದರು. ನನಗೆ ಆಗ ಉಸಿರು ಬಂತು. ಉಸಿರಿನ ಹಿಂದೆಯೇ ಸಿಟ್ಟೂ ಬಂತು. ಪೆಟ್ಟಿಗೆ ಆರಿಸಿ, ಕಿಟಕಿಯ ಸರಳಿಗೆ ತಲೆ ಒತ್ತಿ ಅದರ ಆಚೆಯ ಮುಖವನ್ನು ನೋಡಿದೆ. ಮಸೂರದ ನಟ್ಟನಡುವೆ ಗಂಧದ ದುಂಡನೆಯ ಬೊಟ್ಟು, ಅದರ ಮೇಲೆ ಕುಂಕುಮ.

“ಯಾರು ಇದು?”

“ನಾನೇ ಮೇಡಂ,” ಎಂದರು ಸಿಸ್ಟರ್, ಒಂದಿಷ್ಟೂ ಅಳುಕದೆ. “ಪೆಟ್ಟಿಗೆ ಅಲುಗಿಸ್ಲಿಲ್ಲ. ಮುಖ ಆಚೆಗೆ ತಿರುಗಿಸ್ಕೊಂಡು ಕೂತೈತೆ, ಸರಳಲ್ಲಿ ಕೈ ತೂರಿಸಿ ಇಟ್ಟೆ. ಹಣೆ ಎಲ್ಲೈತೆ ಅಂತ ಗೊತ್ತಾಗ್ಲಿಲ್ಲ. ಒಂದೇ ಕಣ್ಣಿತ್ತು, ಅದಕ್ಕೇ ಇಟ್ಟೆ. ಎಲ್ಲಾದಕ್ಕೂ ಇಟ್ಟು ಇದೊಂದಕ್ಕೆ ಬಿಟ್ರೆ ಹೆಂಗೆ? ಸಾಮಿಯೋರ ನಾಡಿ ಇದ್ರಾಗೇ ಅಲ್ವಾ ಹೋಗೋದು?”

“ಅವಳನ್ನ ಬೈಬೇಡ ಕಣೇ,” ಎಂದರು ಅಪ್ಪ. “ಗಂಧ ತೇಯ್ದು ಕೊಟ್ಟಿದ್ದು ನಾನು.”

ಡಾಕ್ಟರು ಗೋಡೆ ಕಡೆ ತಿರುಗಿ ನಿಂತರು. ಭುಜ ಕುಲುಕುತ್ತಿದ್ದದ್ದು ನೋಡಿದರೆ ನಗು ಎಂದು ಗೊತ್ತಾಗುತ್ತಿತ್ತು. ನಾನೂ ನಗಬೇಕಾಗಿತ್ತು. ಆದರೆ ಆ ಕದಲದ ಎಪ್ಪತ್ತೆರಡು ಕಣ್ಣ ಮುಂದೆಯೇ ಇತ್ತು. ನಾನು ಅಪ್ಪನ ಕಡೆ ತಿರುಗಿ, “ನೀವು ಹೇಗಿದ್ದೀರಿ?” ಎಂದು ಕೇಳಿದೆ.

“ಬಾಗುನ್ನಾನಮ್ಮಾ.”

ಅದೇ ಧ್ವನಿ, ಅದೇ ಎಳೆತ. ಅಮ್ಮ ಹೋದ ದಿನವೂ ಹಾಗೇ ಹೇಳಿದ್ದರು. ಹುಟ್ಟಿದಾಗಿನಿಂದ ಕೇಳುತ್ತಿದ್ದ ಮಾತು ಆ ಬೆಳಿಗ್ಗೆ ಮೊದಲ ಸಲ ನನಗೆ ಹೆದರಿಕೆ ಹುಟ್ಟಿಸಿತು. ಹೊದಿಕೆ ಎತ್ತಿದೆ. ಬಲಗಾಲಿನ ಪಟ್ಟಿ ಶುಭ್ರವಾಗಿತ್ತು. ದಿನವೂ ಬಿಚ್ಚಿ ಕಟ್ಟುತ್ತಿದ್ದರು. ಎಡಗಾಲಿಗೆ, ಚಳಿಯೆಂದು ನಾನೇ ತಂದುಕೊಟ್ಟಿದ್ದ ಉಣ್ಣೆಯ ಕಾಲುಚೀಲ.

“ಆ ಕಾಲು ಚೆನ್ನಾಗೈತೆ ಮೇಡಂ. ದಿನಾ ಕೇಳ್ತೀನಿ, ನೋವಿಲ್ಲ ಅಂತಾರೆ.”

“ನೋವೇ ಇಲ್ಲ,” ಎಂದರು ಅಪ್ಪ.

ಕಾಲುಚೀಲ ಕಳಚಿದೆ. ಹಿಮ್ಮಡಿಯಲ್ಲಿ, ಹಾಸಿಗೆಗೆ ಒತ್ತಿಕೊಂಡಿದ್ದ ಕಡೆ, ಹುಣಸೆಬೀಜದಷ್ಟು ಜಾಗ ಕಪ್ಪುಗೆಂಪಾಗಿ ಬೊಬ್ಬೆಯೆದ್ದಿತ್ತು. ಸಿಸ್ಟರ್ ‘ಅಯ್ಯೋ ದೇವುಡಾ’ ಎಂದು ಬಾಯಿಗೆ ಕೈ ಹಿಡಿದರು. ಡಾಕ್ಟರು ನಗು ನಿಲ್ಲಿಸಿ ಬಗ್ಗಿದರು. ಬೆರಳಿನಿಂದ ಸುತ್ತಲೂ ಒತ್ತುತ್ತ, “ಇಲ್ಲಿ ಮುಟ್ತಾ ಇದೀನಿ, ಗೊತ್ತಾಗತ್ತಾ ತಾತ?” ಎಂದು ಕೇಳಿದರು. ಅಪ್ಪ ಮುಂದಕ್ಕೆ ಬಾಗಿ ಡಾಕ್ಟರ ಬೆರಳನ್ನು ನೋಡಿದರು. ಆಮೇಲೆ ಮೆಲ್ಲಗೆ, ಕನ್ನಡದಲ್ಲಿ, “ಇಲ್ಲಪ್ಪ, ಗೊತ್ತಾಗ್ತಿಲ್ಲ,” ಎಂದರು.

ಅಪ್ಪ ಸುಳ್ಳು ಹೇಳಿರಲಿಲ್ಲ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಮರಗಟ್ಟಿಸಿತ್ತು. ಕಾಲು ಸುದ್ದಿ ಕಳಿಸುವುದನ್ನು ನಿಲ್ಲಿಸಿತ್ತು, ಅಪ್ಪ ಹಳೆಯ ಸುದ್ದಿಯನ್ನೇ ನಮಗೆ ದಾಟಿಸುತ್ತಿದ್ದರು. ಅಷ್ಟು ದಿನ ಮುಳ್ಳಿನ ವಿಷಯ ಮುಚ್ಚಿಟ್ಟರೆಂದು ನಾನು ಅವರ ಮೇಲೆ ಮುನಿಸಿಕೊಂಡಿದ್ದೆ. ಆ ಮುನಿಸು ಅಲ್ಲಿಗೆ ಕರಗಿತು, ಮತ್ತು ನನಗೆ ಅಳು ಬಂತು. ಅವರ ಕಾಲು ಹಿಡಿದುಕೊಂಡೇ ಅತ್ತೆ.

“ಈಗ ನೋಡಿದ್ದು ಒಳ್ಳೇದಾಯ್ತು ಮಿಸ್,” ಎಂದರು ಡಾಕ್ಟರು. “ಚರ್ಮ ಒಡೆದಿಲ್ಲ, ಉಳ್ಕೊಳತ್ತೆ. ಆಸ್ಪತ್ರೆಯಲ್ಲಿ ಮಲಗೋದೇ ಒಂದು ಕಾಯಿಲೆ. ಹೊತ್ಕೊಂಡು ಬಂದಿದ್ದಕ್ಕೆ ಔಷಧಿ ಕೊಡ್ತೀವಿ, ಇಲ್ಲಿ ಹುಟ್ಟೋದನ್ನ ಹುಡುಕ್ಬೇಕು.”

ಕಾಲ ಕೆಳಗೆ ದಿಂಬು ಬಂತು, ಹಿಮ್ಮಡಿ ಗಾಳಿಯಲ್ಲಿ ತೇಲಿತು, ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಶಿಸ್ತು ಬಂತು. ಕಾಲುಚೀಲವನ್ನು ಸಿಸ್ಟರ್ ಕಿಟಕಿಯಿಂದಾಚೆ ಎಸೆಯಹೊರಟರು. ಬೆಳಕಿಗೆ ಅಡ್ಡವಾದೀತೆಂದು ನಾನು ಕಿತ್ತುಕೊಂಡೆ. ಆಗ ಎಲ್ಲರೂ ನಕ್ಕೆವು. ಬೆಳಗಿನ ಜ್ವರಕ್ಕೂ ಆ ಬೊಬ್ಬೆಗೂ ಸಂಬಂಧವಿರಲಿಲ್ಲವಂತೆ, ಅದು ತಾನಾಗಿಯೇ ಇಳಿಯಿತು. ಡಾಕ್ಟರ ಕೋಣೆಯಲ್ಲಿ ಬಿಟ್ಟುಬಂದ ಪುಳಿಯೋಗರೆಯನ್ನು ಯಾರೋ ಖಾಲಿ ಮಾಡಿದ್ದರು.

ಗಂಧವನ್ನು ಒರೆಸಿದ ಮೇಲೆ ಲೇಸರ್‌ಗಳು ಮತ್ತೆ ಹೆಜ್ಜೆಗೆ ಹೆಜ್ಜೆ ಕೂಡಿಸಿದವು. ಆದರೆ ನಾನು ಪರದೆಯ ಏರ್ಪಾಟನ್ನು ಬದಲಿಸಿದೆ. ಕಾಗೆ ಹಾರಿದರೆ ಹಾರಲಿ, ಅಷ್ಟಕ್ಕೆ ಏನೂ ಆಗುವುದಿಲ್ಲ. ನಾಲ್ಕಾರು ಉಸಿರಿಗಿಂತ ಹೆಚ್ಚು ಹೊತ್ತು ಬೆಳಕು ಕಡಿದರೆ ಸಂಖ್ಯೆ ಅಳಿಸಿಹೋಗುತ್ತದೆ. ಕೂಗಿಲ್ಲ, ಗಂಟೆಯಿಲ್ಲ. ಖಾಲಿ ಪರದೆಯಲ್ಲಿ ಎರಡು ಪದ ಮಾತ್ರ: ಹೋಗಿ ನೋಡಿ.

ಇಷ್ಟೆಲ್ಲ ಆದಮೇಲೆ ಪೆಟ್ಟಿಗೆ ಎತ್ತಿಕೊಂಡು ಹೋಗಿ ಎನ್ನುತ್ತಾರೆಂದು ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಡಾಕ್ಟರು ಆ ಎರಡು ಪದಗಳನ್ನು ನೋಡಿ, “ಇದು ಸರಿ ಮಿಸ್. ಗೊತ್ತಿಲ್ಲದೆ ಇದ್ದಾಗ ಗೊತ್ತಿಲ್ಲ ಅನ್ನೋ ಯಂತ್ರ ಆಸ್ಪತ್ರೆಗೆ ಬೇಕು,” ಎಂದರು. ಸಮಿತಿಯೂ ಒಪ್ಪಿತು. ಪಕ್ಕದ ಹಾಸಿಗೆಗಳ ನಾಡಿಯೂ ಈಗ ಅದೇ ಬೆಳಕಿನಲ್ಲಿ ಅಂಗಳ ದಾಟುತ್ತದೆ. ಈ ಪ್ರಯೋಗದ ಬಗ್ಗೆ ಬರೆದ ಪ್ರಬಂಧದಲ್ಲಿ ‘ಮಸೂರದ ಮೇಲೆ ಅಂಟಿದ ಅಪಾರದರ್ಶಕ ಸಸ್ಯಜನ್ಯ ಲೇಪನದಿಂದ ಸಂಪರ್ಕ ಕಡಿಯಿತು’ ಎಂದು ಬರೆದಿದ್ದೇನೆ. ಲೇಪನ ಯಾವುದೆಂದು ಪರಿಶೀಲಕರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಅಪ್ಪ ಈಗ ಮಾಲೂರಿನಲ್ಲಿ ನನ್ನ ಜೊತೆಗಿದ್ದಾರೆ. ಮೆತ್ತನೆಯ ಚಪ್ಪಲಿ ಹಾಕಿ ನಡೆಯುತ್ತಾರೆ. ಮನೆಯೊಳಗೂ ಚಪ್ಪಲಿಯೇ ಎಂದು ಆರಂಭದಲ್ಲಿ ದೊಡ್ಡ ರಂಪ ಮಾಡಿದರು. ದೇವರ ಮನೆಯ ಹೊಸ್ತಿಲಲ್ಲಿ ಮಾತ್ರ ಬಿಡಬಹುದು ಎಂದು ರಾಜಿಯಾಯಿತು, ತೆಲುಗಿನಲ್ಲಿ.

ಮರುವರ್ಷದ ಆಯುಧಪೂಜೆಗೆ ಅವರೇ ಹಟ ಹಿಡಿದು ಆಸ್ಪತ್ರೆಗೆ ಬಂದರು. ಅಷ್ಟರಲ್ಲಿ ನಾನು ಪೆಟ್ಟಿಗೆಯ ನೆತ್ತಿಯಲ್ಲಿ, ಮಸೂರಕ್ಕೆ ದೂರವಾಗಿ, ಅಂಗೈಯಷ್ಟಗಲದ ಹಿತ್ತಾಳೆಯ ತಗಡೊಂದನ್ನು ಕೂರಿಸಿದ್ದೆ. ಅದರಿಂದ ಭೌತಶಾಸ್ತ್ರಕ್ಕೆ ಏನೂ ಉಪಯೋಗವಿಲ್ಲ. “ಇದು ಹಣೆ,” ಎಂದು ಸಿಸ್ಟರಿಗೆ ತೋರಿಸಿದೆ. ಆಕೆ ತಟ್ಟೆಯನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಎರಡೂ ಕಾಲ ಮೇಲೆ ನೆಟ್ಟಗೆ ನಿಂತು ಮಂತ್ರ ಹೇಳಿ ಬೊಟ್ಟಿಟ್ಟರು.

“ಎಲಾ ಉನ್ನಾರು ಸಾಮಿ?” ಎಂದು ಸಿಸ್ಟರ್ ಕೇಳಿದರು. ಹೇಗಿದ್ದೀರಿ ಸ್ವಾಮಿ ಎಂದು.

“ಬಾಗುನ್ನಾನಮ್ಮಾ,” ಎಂದರು ಅಪ್ಪ. ಹಾಗೆಂದವರೇ, ಯಾರೂ ಕೇಳದೆ, ಪಕ್ಕದ ಕುರ್ಚಿಯಲ್ಲಿ ಕೂತು ಚಪ್ಪಲಿ ಕಳಚಿ, ಎರಡೂ ಅಂಗಾಲುಗಳನ್ನು ನಮ್ಮ ಕಡೆಗೆ ಎತ್ತಿ ತೋರಿಸಿದರು.